ಇಮೇಲ್ ಸರ್ವರ್ ಡೇಟಾಬೇಸ್ ಬ್ಯಾಕಪ್ ಏಳು ವರ್ಷ ಉಳಿಸಬೇಕು, ಹೇಗೆ?

ಪ್ರಶ್ನೆ

ನಮ್ಮಲ್ಲಿ ಎಕ್ಸ್‌ಚೇಂಜ್ ಸರ್ವರ್ 2016 (ಮೈಕ್ರೋಸಾಫ್ಟ್‌ನ ಇಮೇಲ್ ಸರ್ವರ್) ಇದೆ. ಎರಡು ಸರ್ವರ್‌ಗಳ ಡಿಎಜಿ (ಒಂದೇ ಡೇಟಾಬೇಸ್‌ನ ಪ್ರತಿಗಳನ್ನು ಇಟ್ಟುಕೊಳ್ಳುವ ಸರ್ವರ್‌ಗಳ ಗುಂಪು), ನಾಲ್ಕು ಮೇಲ್‌ಬಾಕ್ಸ್ ಡೇಟಾಬೇಸ್. ಡೇಟಾ ಪ್ರೊಟೆಕ್ಷನ್ ಮ್ಯಾನೇಜರ್ ಎಂಬ ಬ್ಯಾಕಪ್ ತಂತ್ರಾಂಶದ ಮೂಲಕ ದಿನವೂ ಡಿಸ್ಕ್‌ಗೆ ಬ್ಯಾಕಪ್ ಆಗುತ್ತದೆ, ಎರಡು ವಾರದ ಪ್ರತಿಗಳು ಇರುತ್ತವೆ. ಈಗ ಲೆಕ್ಕಪರಿಶೋಧಕರು ಏಳು ವರ್ಷದ ಮೇಲ್ ಸಿಗುವಂತಿರಬೇಕು ಎಂದಿದ್ದಾರೆ. ಎಲ್‌ಟಿಒ-7 (ಎಲ್‌ಟಿಒ ಬ್ಯಾಕಪ್ ಟೇಪ್‌ಗಳ ಏಳನೇ ಪೀಳಿಗೆ) ಟೇಪ್ ಲೈಬ್ರರಿ ಇದೆ. ಇದಕ್ಕೆ ಬೇರೆ ಪ್ರೊಟೆಕ್ಷನ್ ಗ್ರೂಪ್ (ಒಂದೇ ಬ್ಯಾಕಪ್ ನಿಯಮದಡಿ ಬರುವ ಡೇಟಾ ಗುಂಪು) ಮಾಡಬೇಕೇ? ಟೇಪ್‌ಗೆ ಬರೆದಾಗ ಲಾಗ್‌ಗಳು (ಡೇಟಾಬೇಸ್‌ನ ಬದಲಾವಣೆಗಳನ್ನು ದಾಖಲಿಸುವ ಕಡತಗಳು) ಏನಾಗುತ್ತವೆ?

ಉತ್ತರ 1

ಬೇರೆ ಗ್ರೂಪ್ ಆಗುವುದಿಲ್ಲ, ಒಂದು ಡೇಟಾಬೇಸ್ ಒಂದೇ ಗ್ರೂಪ್‌ನಲ್ಲಿ ಇರಬಲ್ಲದು. ಇರುವ ಗ್ರೂಪನ್ನೇ ತಿದ್ದಿ, ದೀರ್ಘಾವಧಿಗೆ ಟೇಪ್ ಎಂದು ಗುರುತು ಹಾಕಿ. ವಾರದ್ದು ನಾಲ್ಕು ವಾರ, ತಿಂಗಳದ್ದು ಹನ್ನೆರಡು ತಿಂಗಳು, ವರ್ಷದ್ದು ಏಳು ವರ್ಷ ಎಂದು ಕೊಡಿ. ಡಿಸ್ಕ್‌ನಲ್ಲಿರುವ ಪ್ರತಿಗಳಿಗೆ ಏನೂ ಆಗುವುದಿಲ್ಲ.

ಉತ್ತರ 2 (ಟೇಪುಗಾರ)

ಮೇಲಿನವರು ಹೇಳಿದ ಸೆಟ್ಟಿಂಗ್ ಸರಿ. ನನ್ನ ತಕರಾರು ಬೇರೆಯದು. ಲೆಕ್ಕಪರಿಶೋಧಕರು ಕೇಳಿದ್ದು ಮೇಲ್, ನೀವು ಕೊಡಹೊರಟಿರುವುದು ಇಡಿಬಿ ಕಡತ, ಅಂದರೆ ಇಡೀ ಡೇಟಾಬೇಸ್‌ನ ಕಡತ.

ಒಂದು ಪತ್ರದ ಹಾದಿ ಹಿಡಿದು ನೋಡಿ. 3ನೇ ತಾರೀಖು ಬಂತು, 5ಕ್ಕೆ ಬಳಕೆದಾರರು ಪೂರ್ತಿ ಅಳಿಸಿದರು. ಅಳಿಸಿದ್ದನ್ನು ಸರ್ವರ್ ತಾನಾಗಿ ಇಟ್ಟುಕೊಳ್ಳುವುದು, ನೀವು ಬದಲಿಸದಿದ್ದರೆ, 14 ದಿನ. 19ರ ನಂತರ ಅದು ಹೋಯಿತು. ತಿಂಗಳ ಕೊನೆಯ ಪ್ರತಿಯಲ್ಲಿ ಅದಿಲ್ಲ, ವರ್ಷದ ಪ್ರತಿಯಲ್ಲಂತೂ ಇಲ್ಲವೇ ಇಲ್ಲ. ಇದ್ದದ್ದು ಆ ದಿನಗಳ ವಾರದ ಟೇಪ್‌ಗಳಲ್ಲಿ, ನಾಲ್ಕು ವಾರ ಕಳೆದ ಮೇಲೆ ಅವುಗಳ ಮೇಲೂ ಬೇರೆ ಏನನ್ನೋ ಬರೆದಾಗಿರುತ್ತದೆ. ವರ್ಷಕ್ಕೊಂದು ಪ್ರತಿಯಂತೆ ಏಳು ಇಟ್ಟರೆ ನಿಮ್ಮ ಕೈಯಲ್ಲಿರುವುದು ಏಳು ದಿನಗಳ ಚಿತ್ರ, ಏಳು ವರ್ಷಗಳ ಮೇಲ್ ಅಲ್ಲ.

ಪತ್ರ ಇದ್ದರೂ ತೆರೆಯುವುದು ಸುಲಭವಲ್ಲ. ಡೇಟಾಬೇಸನ್ನು ರಿಕವರಿ ಡೇಟಾಬೇಸ್ (ಬ್ಯಾಕಪ್‌ನಿಂದ ಮೇಲ್ ಹೊರತೆಗೆಯಲು ಇರುವ ವಿಶೇಷ ಡೇಟಾಬೇಸ್) ಆಗಿ ಮೌಂಟ್ ಮಾಡಲು, ಅಂದರೆ ಸರ್ವರ್‌ನಲ್ಲಿ ತೆರೆಯಲು, ಅದೇ ಆವೃತ್ತಿಯ ಎಕ್ಸ್‌ಚೇಂಜ್ ಬೇಕು. 2016ರದ್ದು 2019ರಲ್ಲಿ ಮೌಂಟ್ ಆಗದು. 2016ಕ್ಕೂ 2019ಕ್ಕೂ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನೀವು ನಾಳೆ ಹೊಸ ಆವೃತ್ತಿಗೆ ಹೋದಿರಿ ಎಂದರೆ ಹಳೆಯ ಟೇಪ್‌ಗಳಿಗಾಗಿಯೇ ಒಂದು ಹಳೆಯ ಸರ್ವರ್, ಅದರ ಇನ್‌ಸ್ಟಾಲ್ ಕಡತ, ಅದಕ್ಕೊಪ್ಪುವ ಆಕ್ಟಿವ್ ಡೈರೆಕ್ಟರಿ (ಬಳಕೆದಾರರ ಖಾತೆಗಳ ವ್ಯವಸ್ಥೆ) ಎಲ್ಲವನ್ನೂ ಸಾಕಿಕೊಂಡಿರಬೇಕು. ಟೇಪ್ ಡ್ರೈವ್‌ನದೂ ಅದೇ ಕಥೆ: ಎಲ್‌ಟಿಒ-8 ಡ್ರೈವ್ ಎಲ್‌ಟಿಒ-7 ಟೇಪನ್ನು ಓದುತ್ತದೆ, ಎಲ್‌ಟಿಒ-9 ಓದುವುದಿಲ್ಲ.

ಆದ್ದರಿಂದ ನಾನಾದರೆ ಎರಡು ಕೆಲಸವನ್ನು ಬೇರೆ ಬೇರೆ ಮಾಡುತ್ತೇನೆ. ದಾಖಲೆ ಉಳಿಸುವುದು ಎಕ್ಸ್‌ಚೇಂಜ್ ಒಳಗೇ ಆಗಲಿ: ಮೇಲ್‌ಬಾಕ್ಸ್‌ಗಳಿಗೆ ಲಿಟಿಗೇಷನ್ ಹೋಲ್ಡ್ (ಮೇಲ್ ಪೂರ್ತಿ ಅಳಿಸಿಹೋಗದಂತೆ ತಡೆಯುವ ಸೆಟ್ಟಿಂಗ್) ಹಾಕಿ, ಅವಧಿ 2555 ದಿನ. ಆಗ ಅಳಿಸಿದ್ದೂ ರಿಕವರಬಲ್ ಐಟಮ್ಸ್ ಎಂಬ ಮರೆಯ ಫೋಲ್ಡರ್‌ನಲ್ಲಿ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ. ಇದಕ್ಕೆ ಎಂಟರ್‌ಪ್ರೈಸ್ ಕ್ಯಾಲ್ (ಬಳಕೆದಾರರ ಪರವಾನಗಿ) ಬೇಕು, ಆ ಫೋಲ್ಡರ್‌ನ ಮಿತಿ ಮೊದಲಿಗೆ 30 ಜಿಬಿ ಇರುತ್ತದೆ, ಅದನ್ನು ಏರಿಸಿ ಡಿಸ್ಕ್ ಜಾಗ ಮೊದಲೇ ಲೆಕ್ಕ ಹಾಕಿಕೊಳ್ಳಿ. ಟೇಪ್ ಇರಲಿ, ಸರ್ವರ್ ಸುಟ್ಟ ದಿನಕ್ಕೆ. ಅದಕ್ಕೆ ಒಂದು ವರ್ಷದ ತಿಂಗಳ ಪ್ರತಿಗಳು ಧಾರಾಳ.

ಲಾಗ್ ವಿಷಯ: ಒಂದೊಂದು ಲಾಗ್ ಕಡತ 1 ಎಂಬಿ, ಅವು ಕತ್ತರಿಸಿಹೋಗುವುದು ಫುಲ್ (ಪೂರ್ತಿ) ಅಥವಾ ಇನ್‌ಕ್ರಿಮೆಂಟಲ್ (ಹಿಂದಿನ ಬ್ಯಾಕಪ್‌ನ ನಂತರದ್ದು ಮಾತ್ರ) ಬ್ಯಾಕಪ್ ಯಶಸ್ವಿಯಾದಾಗ. ಕಾಪಿ ಬ್ಯಾಕಪ್ ಅವನ್ನು ಮುಟ್ಟುವುದಿಲ್ಲ. ಡಿಎಜಿಯಲ್ಲಿ ಪ್ರತಿ ಡೇಟಾಬೇಸ್‌ನ ಒಂದು ಪ್ರತಿಗೆ ಫುಲ್ ಎಂದೂ ಇನ್ನೊಂದಕ್ಕೆ ಕಾಪಿ ಎಂದೂ ಕೊಡಿ. ಎರಡಕ್ಕೂ ಕಾಪಿ ಎಂದಾದರೆ ಲಾಗ್ ಡ್ರೈವ್ ಸದ್ದಿಲ್ಲದೆ ತುಂಬಿ ಒಂದು ದಿನ ಡೇಟಾಬೇಸ್ ಡಿಸ್‌ಮೌಂಟ್ ಆಗುತ್ತದೆ, ಅದೂ ಸಾಮಾನ್ಯವಾಗಿ ರಜೆಯ ದಿನವೇ.

ಹಾಗೆಯೇ ಬ್ಯಾಕಪ್‌ನ ನಂತರ ಇಎಸ್‌ಇ ಯುಟಿಲ್‌ನಿಂದ (ಡೇಟಾಬೇಸ್ ಹಾಳಾಗಿದೆಯೇ ಎಂದು ನೋಡುವ ಪ್ರೋಗ್ರಾಂ) ಪರೀಕ್ಷೆ ಎಂಬ ಆಯ್ಕೆಗೆ ಗುರುತು ಹಾಕಿ. ಆ ಪ್ರೋಗ್ರಾಂ ಮತ್ತು ಅದರ ಡಿಎಲ್ಎಲ್ ಕಡತವನ್ನು ಎಕ್ಸ್‌ಚೇಂಜ್ ಸರ್ವರ್‌ನಿಂದ ಬ್ಯಾಕಪ್ ಸರ್ವರ್‌ಗೆ ನಕಲಿಸಬೇಕು; ಕ್ಯುಮ್ಯುಲೇಟಿವ್ ಅಪ್‌ಡೇಟ್ ಹಾಕಿದಾಗಲೆಲ್ಲ ಮತ್ತೆ. ಟೇಪ್‌ಗೆ ಎನ್‌ಕ್ರಿಪ್ಷನ್ ಇದ್ದರೆ ಅದರ ಸರ್ಟಿಫಿಕೇಟನ್ನು ಬೇರೆ ಕಡೆ ಜೋಪಾನ ಮಾಡಿ. ಅದು ಕಳೆದರೆ ಟೇಪ್ ಇದ್ದೂ ಇಲ್ಲದಂತೆ.

ಪ್ರಶ್ನೆ ಕೇಳಿದವರು

ಹೋಲ್ಡ್ ಬಗ್ಗೆ ಯೋಚಿಸಿರಲಿಲ್ಲ, ಧನ್ಯವಾದ. ಎರಡು ಅನುಮಾನ. ಈಗಾಗಲೇ ಅಳಿಸಿಹೋದ ಮೇಲ್‌ಗೆ ಅದು ಅನ್ವಯಿಸುತ್ತದೆಯೇ? ಕೆಲಸ ಬಿಟ್ಟುಹೋದವರ ಮೇಲ್‌ಬಾಕ್ಸ್‌ಗಳನ್ನು ನಾವು ತೆಗೆದುಹಾಕುತ್ತೇವೆ, ಅವು?

ಉತ್ತರ 3 (ಟೇಪುಗಾರ)

ಹಿಂದಕ್ಕೆ ಅನ್ವಯಿಸುವುದಿಲ್ಲ. ಹೋಲ್ಡ್ ಹಾಕುವ ದಿನ ಏನಿದೆಯೋ ಅದು, ಮತ್ತು ಅಲ್ಲಿಂದ ಮುಂದಿನದು. ಹಳೆಯದಕ್ಕೆ ಈಗ ಡಿಸ್ಕ್‌ನಲ್ಲಿರುವ ಎರಡು ವಾರದ ಪ್ರತಿಗಳೇ ಗತಿ. ಅವುಗಳಲ್ಲಿ ಅತಿ ಹಳೆಯದನ್ನು ಇವತ್ತೇ ಟೇಪ್‌ಗೆ ಹಾಕಿಡಿ, ನಾಳೆಗೆ ಅದೂ ಸರದಿಯಲ್ಲಿ ಹೋಗುತ್ತದೆ.

ಬಿಟ್ಟುಹೋದವರ ಮೇಲ್‌ಬಾಕ್ಸ್ ತೆಗೆಯುವುದನ್ನು ಮೊದಲು ನಿಲ್ಲಿಸಿ. ತೆಗೆದದ್ದು 30 ದಿನ ಉಳಿಯುತ್ತದೆ, ಅಷ್ಟರೊಳಗಿನವರದ್ದಾದರೆ ಮರಳಿ ಜೋಡಿಸಬಹುದು. ಇನ್ನು ಮುಂದೆ ಬಳಕೆದಾರರ ಖಾತೆಯನ್ನು ಮಾತ್ರ ನಿಷ್ಕ್ರಿಯಗೊಳಿಸಿ, ಮೇಲ್‌ಬಾಕ್ಸ್ ಹೋಲ್ಡ್ ಸಮೇತ ಹಾಗೇ ಇರಲಿ. ಅಂಥವನ್ನೆಲ್ಲ ಪ್ರತ್ಯೇಕ ಡೇಟಾಬೇಸ್‌ಗೆ ಸಾಗಿಸಿದರೆ ದಿನದ ಬ್ಯಾಕಪ್ ಹಗುರವಾಗುತ್ತದೆ. ಇನ್ನೊಂದು ಮಾತು, ಏಳು ವರ್ಷ ಯಾರ ಮೇಲ್‌ಗೆ ಎಂದು ಲೆಕ್ಕಪರಿಶೋಧಕರಿಂದ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಹಣಕಾಸು ವಿಭಾಗದ್ದು ಮಾತ್ರ ಎಂದರೆ ನಿಮಗೆ ಬೇಕಾಗುವ ಕ್ಯಾಲ್‌ಗಳೂ ಅಷ್ಟೇ.