ಪೂರ್ತಿ ಅಯಾನುಗಳೇ ಇರೋ ಅಯಾನಿಕ್ ಲಿಕ್ವಿಡ್‌ನಲ್ಲಿ ಕಂಡಕ್ಟಿವಿಟಿ ಯಾಕಿಷ್ಟು ಕಮ್ಮಿ?

ಎಂಎಸ್ಸಿ_ಕೆಮಿಸ್ಟ್ರಿ: ಎಲ್ರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ ಬಿಎಂಐಎಂ (ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ) ಟೆಟ್ರಾಫ್ಲೋರೋಬೋರೇಟ್ ಅನ್ನೋ ಅಯಾನಿಕ್ ಲಿಕ್ವಿಡ್, ಅಂದ್ರೆ ರೂಮ್ ಟೆಂಪರೇಚರಲ್ಲೇ ದ್ರವವಾಗಿರೋ ಲವಣ, ತಗೊಂಡಿದೀನಿ. ಸಾಲ್ವೆಂಟೇ ಇಲ್ಲ, ಇರೋದೆಲ್ಲ ಅಯಾನು, ಹಂಗಿದ್ಮೇಲೆ ಕರೆಂಟ್ ಸಲೀಸಾಗಿ ಹರೀಬೇಕಲ್ವಾ? 25 ಡಿಗ್ರೀಲಿ ಸೆಂಟಿಮೀಟರ್‌ಗೆ 5 ಮಿಲಿಸೀಮೆನ್ಸ್ ಬರ್ತಿದೆ ಅಷ್ಟೇ, ಪೇಪರ್‌ಗಳಲ್ಲಿ ನೋಡಿದ್ರೆ ಇನ್ನೂ ಕಮ್ಮಿ, 3.5 ಆಸುಪಾಸು. 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣನೇ 12.9 ಕೊಡುತ್ತೆ! ಇನ್ನೊಂದು, ಸೈಕ್ಲಿಕ್ ವೋಲ್ಟಾಮೆಟ್ರಿಲಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆಯೋದು) ವಿಂಡೋ, ಅಂದ್ರೆ ದ್ರವ ಒಡೆಯದೆ ತಡ್ಕೊಳ್ಳೋ ವೋಲ್ಟೇಜ್ ವ್ಯಾಪ್ತಿ, 4 ವೋಲ್ಟ್ ಸಿಗುತ್ತೆ ಅಂತಾರೆ, ನಂಗೆ 2.5 ದಾಟ್ತಿಲ್ಲ. ಎರಡಕ್ಕೂ ಸಂಬಂಧ ಇದೆಯಾ?

ದ್ರವ_ಲವಣ: ಅಯಾನು ಎಷ್ಟಿದೆ ಅನ್ನೋದಷ್ಟೇ ಅಲ್ಲ, ಅದು ಓಡಾಡಕ್ಕೆ ಆಗುತ್ತಾ ಅನ್ನೋದೂ ಮುಖ್ಯ. ಇದರ ವಿಸ್ಕಾಸಿಟಿ ನೀರಿಗಿಂತ ನೂರು ಪಟ್ಟು ಜಾಸ್ತಿ, ಎಣ್ಣೆ ಥರ, ಜೊತೆಗೆ ಪ್ಲಸ್ಸು ಮೈನಸ್ಸು ಒಂದನ್ನೊಂದು ಹಿಡ್ಕೊಂಡೇ ಓಡಾಡೋದ್ರಿಂದ ಎಲ್ಲ ಅಯಾನೂ ಕರೆಂಟ್ ಹೊರಲ್ಲ. ಬ್ಯೂಟೈಲ್ ಬದಲು ಈಥೈಲ್ ಇರೋದು ತಗೊಳ್ಳಿ, ಅದೇ ಆನಯಾನ್ (ಮೈನಸ್ ಅಯಾನು) ಇದ್ರೂ 14 ಹತ್ರ ಬರುತ್ತೆ. ಕಾರ್ಬನ್ ಬಾಲ ಉದ್ದ ಆದಷ್ಟೂ ದ್ರವ ಮಂದ. ಸ್ವಲ್ಪ ಬಿಸಿ ಮಾಡಿ ನೋಡಿ, ಕಂಡಕ್ಟಿವಿಟಿ ಸರಸರ ಏರುತ್ತೆ, ಆದ್ರೆ ಅರ್ಹೀನಿಯಸ್ ಗ್ರಾಫ್ (ಕಂಡಕ್ಟಿವಿಟಿಯ ಲಾಗ್, ಟೆಂಪರೇಚರ್‌ನ ವಿಲೋಮದ ಎದುರು) ನೇರ ಗೆರೆ ಬರಲ್ಲ, ಬಾಗುತ್ತೆ. ಅದು ಈ ದ್ರವಗಳ ಸ್ವಭಾವ.

ಬ್ಯಾಟರಿ_ಲ್ಯಾಬ್: ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಪೇಪರ್‌ಗಿಂತ ನಿಮ್ದು ಜಾಸ್ತಿ ಬಂದಿರೋದನ್ನ ಯಾರೂ ಗಮನಿಸ್ಲಿಲ್ಲ, ನನ್ ಪ್ರಕಾರ ಉತ್ತರ ಇರೋದೇ ಅಲ್ಲಿ. ನೀರು ಸೇರಿದೆ! ಇದು ಗಾಳಿಯಲ್ಲಿರೋ ತೇವಾನ ಎಳ್ಕೊಳ್ಳುತ್ತೆ, ನೀರು ಸೇರಿದ್ರೆ ವಿಸ್ಕಾಸಿಟಿ ಇಳಿದು ಕಂಡಕ್ಟಿವಿಟಿ ಏರುತ್ತೆ, ಅದೇ ನೀರು ಎಲೆಕ್ಟ್ರೋಡಲ್ಲಿ ಒಡೆದು ವಿಂಡೋ ಕುಗ್ಗಿಸುತ್ತೆ. ವ್ಯಾಕ್ಯೂಮ್‌ನಲ್ಲಿ 70 ಡಿಗ್ರಿ ಇಟ್ಟು ರಾತ್ರಿಯಿಡೀ ಕಲಕ್ತಾ ಒಣಗಿಸಿ, ಆಮೇಲೆ ಕಾರ್ಲ್ ಫಿಶರ್ (ಎಷ್ಟು ನೀರಿದೆ ಅಂತ ಅಳೆಯೋ ಟೆಸ್ಟ್) ಮಾಡಿಸಿ. ಆ ಸಂಖ್ಯೆ ಇಲ್ದೆ ರೀಡಿಂಗ್ ಬರೀಲೇಬೇಡಿ, ಯಾರೂ ಹೋಲಿಸಕ್ಕಾಗಲ್ಲ. ಒದ್ದೆ ಇರೋವಾಗ ಜಾಸ್ತಿ ಕಾಯಿಸ್ಬೇಡಿ, ಈ ಆನಯಾನ್ ನೀರಿನ ಜೊತೆ ಒಡೆದ್ರೆ ಹೈಡ್ರೋಫ್ಲೋರಿಕ್ ಆಸಿಡ್ ಬರುತ್ತೆ, ತುಂಬಾ ಅಪಾಯ. ಸಿಲ್ವರ್ ನೈಟ್ರೇಟ್ ಹಾಕಿ ಕ್ಲೋರೈಡ್ ಉಳಿದಿದೆಯಾ ಅಂತಾನೂ ನೋಡಿ, ಅದು ಆನೋಡ್ ಕಡೆ ಬೇಗ ಆಕ್ಸಿಡೈಸ್ ಆಗುತ್ತೆ.

ಎಂಎಸ್ಸಿ_ಕೆಮಿಸ್ಟ್ರಿ: ಥ್ಯಾಂಕ್ಸ್ ಸರ್, ಬಾಟಲಿ ಮೊದ್ಲೇ ಓಪನ್ ಆಗಿತ್ತು, ಒಣಗಿಸಕ್ಕೆ ಇಡ್ತೀನಿ. ವಿಂಡೋ 5 ವೋಲ್ಟ್ ಮೇಲೆ ಬೇಕಂದ್ರೆ?

ದ್ರವ_ಲವಣ: ಬಿಎಂಐಎಂನಲ್ಲಿರೋ ಇಮಿಡಜೋಲಿಯಂ ಬಿಡಿ. ಅದರ ಎರಡು ನೈಟ್ರೋಜನ್ ಮಧ್ಯೆ ಇರೋ ಕಾರ್ಬನ್ನಿನ ಹೈಡ್ರೋಜನ್ ಆಸಿಡಿಕ್, ಕ್ಯಾಥೋಡ್ ಕಡೆ ಮೊದ್ಲು ಅದೇ ಸೋಲೋದು. ಪಿರೋಲಿಡಿನಿಯಂ ಪ್ಲಸ್ ಅಯಾನು, ಟಿಎಫ್‌ಎಸ್‌ಐ ಆನಯಾನ್ ಇರೋ ಲಿಕ್ವಿಡ್ ತಗೊಳ್ಳಿ, ನೀರಲ್ಲಿ ಬೆರೆಯಲ್ಲ, ಆದ್ರೂ ತೇವ ಎಳ್ಕೊಳ್ಳುತ್ತೆ, ಅದನ್ನೂ ಒಣಗಿಸ್ಲೇಬೇಕು. ರೆಫರೆನ್ಸ್‌ಗೆ ಬರೀ ಬೆಳ್ಳಿ ತಂತಿ ಇಟ್ಟಿದ್ರೆ ಕೊನೇಲಿ ಚೂರು ಫೆರೋಸೀನ್ (ಪೊಟೆನ್ಷಿಯಲ್ ಹೋಲಿಸಕ್ಕೆ ಗುರುತಾಗಿ ಬಳಸೋ ಕಾಂಪೌಂಡ್) ಹಾಕಿ ಸ್ಕ್ಯಾನ್ ಮಾಡಿ, ತಂತಿ ಪೊಟೆನ್ಷಿಯಲ್ ಜರುಗ್ತಾ ಇರುತ್ತೆ.