ಅಪ್‌ಡೇಟ್: ಆತ್ಮನಿಂದನೆಯ ಹಿಡಿತ ಸಡಿಲವಾಗಿದೆ

ತಪ್ಪಿಗೆ ದೇವರಲ್ಲಿ ಕ್ಷಮೆ ಬೇಡಿದ ಮೇಲೂ ನನ್ನನ್ನು ನಾನೇ ಹಳಿದುಕೊಳ್ಳುವುದು ನಿಲ್ಲುತ್ತಿಲ್ಲವೆಂದು ಮೂರು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಬೇಡಿಕೆಗಿಂತ ಮೊದಲು ಸ್ತುತಿ ಇರಲಿ ಎಂದು ಒಬ್ಬರು ಸೂಚಿಸಿದ್ದರಿಂದ, ಬೈಬಲಿನ 103ನೇ ಕೀರ್ತನೆಯನ್ನು ಪ್ರತಿ ಬೆಳಗ್ಗೆ ಗಟ್ಟಿಯಾಗಿ ಓದತೊಡಗಿದೆ. ಅಲ್ಲಿ ಕೀರ್ತನೆಗಾರನು ಮೊದಲು ಮಾತನಾಡಿಸುವುದು ತನ್ನ ಮನಸ್ಸನ್ನೇ. 12ನೇ ವಚನದಲ್ಲಿ, ಪೂರ್ವಕ್ಕೂ ಪಶ್ಚಿಮಕ್ಕೂ ಇರುವಷ್ಟು ದೂರಕ್ಕೆ ದೇವರು ನಮ್ಮ ದ್ರೋಹಗಳನ್ನು ತೊಲಗಿಸಿದ್ದಾನೆ ಎಂಬ ಮಾತು ಬರುತ್ತದೆ. ಮೊದಲ ವಾರವಿಡೀ ಆ ಸಾಲಿಗೆ ಬಂದಾಗ ಗಂಟಲು ಕಟ್ಟಿ, ಬೆರಳು ಅಲ್ಲೇ ನಿಂತುಬಿಡುತ್ತಿತ್ತು. (ಧ್ವನಿಯೆತ್ತಿ ಓದುವುದೇ ಮುಖ್ಯವೆಂದು ನನ್ನ ಅನಿಸಿಕೆ, ಮೌನವಾಗಿ ಓದಿದರೆ ಹಳೆಯ ಆರೋಪ ನಡುವೆ ನುಸುಳುತ್ತದೆ.) ನೆನಪು ಅಳಿದಿಲ್ಲ, ಆದರೆ ಅದು ಬಂದಾಗ ಒರಗಲು ಒಳಗೊಂದು ಆಸರೆಯಿದೆ. ನಾನು ನೋಯಿಸಿದವರಿಗೆ ಕಳೆದ ವಾರ ಪತ್ರ ಬರೆದೆ, ನನ್ನನ್ನು ಹಳಿದುಕೊಳ್ಳದೆ, ತಪ್ಪನ್ನಷ್ಟೇ ಒಪ್ಪಿಕೊಂಡು.