ಡಿಸ್ಕ್ ಫುಲ್ ಅಂತ ಬರ್ತಾ ಉಂಟು, ತುಂಬಿದ್ದು ಎಲ್ಲಿ ಅಂತ ಗೊತ್ತಾಗ್ತಾ ಇಲ್ಲ

ಪ್ರಶ್ನೆ – ಝೆರಾಕ್ಸ್ ಅಂಗಡಿ, ಕುಂಜಿಬೆಟ್ಟು
ನಮಸ್ಕಾರ. ಉಡುಪಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ಝೆರಾಕ್ಸ್, ಸ್ಕ್ಯಾನ್, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ. ಕಂಪ್ಯೂಟರ್ ಹಳೆಯದು. ಕಳೆದ ವರ್ಷ ತಮ್ಮನ ಮಗ 120 ಜಿಬಿಯ ಎಸ್‌ಎಸ್‌ಡಿ ಹಾಕಿ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಮಾಡಿಕೊಟ್ಟ. ಆಮೇಲೆ ಅವನು ದುಬೈಗೆ ಹೋದ. ಈಗ ಎರಡು ದಿನದಿಂದ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಮೆಸೇಜ್ ಬರುತ್ತಿದೆ. ಪಿಡಿಎಫ್ ಡೌನ್‌ಲೋಡ್ ಆಗುವುದಿಲ್ಲ, ಗಿರಾಕಿಗಳು ಕಾಯುತ್ತಾ ನಿಲ್ಲುತ್ತಾರೆ. ನಾನು ದಿನಾ ಸಂಜೆ ಬಾಗಿಲು ಹಾಕುವ ಮೊದಲು ಎಲ್ಲರ ಸ್ಕ್ಯಾನ್ ಡಿಲೀಟ್ ಮಾಡಿಯೇ ಹೋಗುವುದು. ಮತ್ತೆ ತುಂಬಿದ್ದು ಎಂತದ್ದು? ಫೋನ್ ಮಾಡಿದರೆ ಅವನು 'ಟರ್ಮಿನಲ್ ಓಪನ್ ಮಾಡಿ ನೋಡಿ ಅತ್ತೆ' ಅಂತಾನೆ. ಆ ಬದನೆಕಾಯಿ ಬಣ್ಣದ ಕಿಟಕಿ ಕಂಡರೇ ನನಗೆ ಹೆದರಿಕೆ. ಏನಾದರೂ ಒತ್ತಿ ಎಲ್ಲ ಹೋಗಿಬಿಟ್ಟರೆ?

ಉತ್ತರ – ಸಿಸ್ಟಂ ಅಡ್ಮಿನ್, ಕೊಟ್ಟಾರ
ಹೆದರಬೇಡಿ ಅಕ್ಕ. ಟರ್ಮಿನಲ್ ಅಂದರೆ ಕಂಪ್ಯೂಟರಿಗೆ ಕೆಲಸವನ್ನು ಬರೆದು ಹೇಳುವ ಕಿಟಕಿ, ಹಾಗೆ ಬರೆಯುವ ಸಾಲೇ ಕಮಾಂಡ್. ಟರ್ಮಿನಲ್‌ನಲ್ಲಿ ಕಮಾಂಡ್‌ಗಳು ಎರಡು ಜಾತಿ. ಕೆಲವು ನೋಡುವವು, ಕೆಲವು ಮುಟ್ಟುವವು. ಇವತ್ತು ನೋಡುವುದು ಮಾತ್ರ. ಇವನ್ನು ನೂರು ಸಲ ಹೊಡೆದರೂ ನಿಮ್ಮ ಒಂದು ಫೈಲೂ ಅಲ್ಲಾಡುವುದಿಲ್ಲ.

ಕಂಟ್ರೋಲ್, ಆಲ್ಟ್, ಟಿ ಮೂರೂ ಒಟ್ಟಿಗೆ ಒತ್ತಿ, ಕಿಟಕಿ ತೆರೆಯುತ್ತದೆ. ನಾನು ಇಲ್ಲಿ ಕಮಾಂಡನ್ನು ಕನ್ನಡದಲ್ಲೇ ಬರೆಯುತ್ತೇನೆ. ನೀವು ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರ. ನಾನು ಜಾಗ ಬಿಟ್ಟಲ್ಲಿ ನೀವೂ ಸ್ಪೇಸ್ ಬಿಡಬೇಕು, ಬಿಡದಲ್ಲಿ ಬಿಡಬಾರದು. ಅದೊಂದು ಮುಖ್ಯ.

ಮೊದಲು 'ಪಿಡಬ್ಲ್ಯುಡಿ' ಅಂತ ಹೊಡೆದು ಎಂಟರ್ ಒತ್ತಿ. ಇದು ರಸ್ತೆ ಮಾಡಿಸುವ ಇಲಾಖೆ ಅಲ್ಲ, ನೀವು ಈಗ ಯಾವ ಫೋಲ್ಡರಿನಲ್ಲಿ ನಿಂತಿದ್ದೀರಿ ಅಂತ ಹೇಳುವ ಕಮಾಂಡ್. ಹೋಮ್ ಅಂತ ಬಂದು, ಮುಂದೆ ನಿಮ್ಮ ಲಾಗಿನ್ ಹೆಸರು ಇರಬೇಕು. ಆಮೇಲೆ 'ಎಲ್‌ಎಸ್', ಅಲ್ಲಿ ಏನೇನು ಉಂಟು ಅಂತ ಪಟ್ಟಿ ಕೊಡುತ್ತದೆ. ಆಮೇಲೆ 'ಡಿಎಫ್ -ಎಚ್'. ಇದು ಡಿಸ್ಕಿನ ಲೆಕ್ಕ. ಇದರಲ್ಲಿ ಕೊನೆಯ ಕಾಲಂನಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲು ಹುಡುಕಿ, ಅದೇ ನಿಮ್ಮ ಎಸ್‌ಎಸ್‌ಡಿ. ಕೊನೆಗೆ 'ಡಿಯು -ಎಸ್‌ಎಚ್ *'. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ಇದು ಹೇಳುತ್ತದೆ. ಸ್ವಲ್ಪ ಹೊತ್ತು ತಗೊಳ್ಳಬಹುದು, ಸುಮ್ನೆ ಕಾಯಿರಿ. ಬಂದದ್ದನ್ನು ಇಲ್ಲಿ ಹಾಕಿ.

ಕಾಮೆಂಟ್ – ಕಾಪುವಿನಿಂದ
ಬದನೆ ಬಣ್ಣ ಅಂತೀರಿ, ನಮ್ಮ ಮಟ್ಟುಗುಳ್ಳ ಹಸಿರಲ್ವಾ?

ಝೆರಾಕ್ಸ್ ಅಂಗಡಿ
ಹೊಡೆದೆ. ಏನೂ ಸಿಡಿಯಲಿಲ್ಲ, ದೇವರ ದಯೆ. ಓರೆಗೆರೆಯ ಸಾಲಿನಲ್ಲಿ ಒಟ್ಟು 109 ಜಿ, ಬಳಸಿದ್ದು 104 ಜಿ, ಉಳಿದದ್ದು 0, 100% ಅಂತ ಉಂಟು. ಇನ್ನೊಂದರಲ್ಲಿ ಡೌನ್‌ಲೋಡ್ಸ್ 9.4 ಜಿ, ಡಾಕ್ಯುಮೆಂಟ್ಸ್ 6.2, ಡೆಸ್ಕ್‌ಟಾಪ್ 2.1, ಪಿಕ್ಚರ್ಸ್ 1.3. ಉಳಿದವು ಚಿಲ್ಲರೆ.

ಕಾಮೆಂಟ್ – ನಿವೃತ್ತ ಬ್ಯಾಂಕ್ ನೌಕರ, ಮಣ್ಣಗುಡ್ಡೆ
ನನಗೆ ಕಂಪ್ಯೂಟರ್ ಗೊತ್ತಿಲ್ಲ, ಕೂಡಿಸಿ ಕಳೆಯುವುದು ಗೊತ್ತು. ಎರಡು ಕಡೆ ತಾಳೆ ಆಗುತ್ತಿಲ್ಲ. 109ರಲ್ಲಿ 104 ಕಳೆದರೆ 5 ಉಳಿಯಬೇಕು, ಇವರು 0 ಅಂತಾರೆ. ಫೋಲ್ಡರ್‌ಗಳನ್ನೆಲ್ಲ ಕೂಡಿಸಿದರೆ 19, ಬಳಸಿದ್ದು ಮಾತ್ರ 104. ಉಳಿದ 85 ಯಾರ ಖಾತೆಯಲ್ಲಿದೆ?

ಉತ್ತರ – ಸಿಸ್ಟಂ ಅಡ್ಮಿನ್, ಕೊಟ್ಟಾರ
ಸರಿಯಾದ ಜಾಗಕ್ಕೆ ಬೆರಳು ಇಟ್ಟಿರಿ ಸರ್. ಮೊದಲನೆಯದು ಸುಲಭ. ಉಬುಂಟು ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆ, ಡಿಸ್ಕಿನ 5% ಜಾಗವನ್ನು ಯಜಮಾನನಿಗೆ ಅಂತ ತೆಗೆದಿಡುತ್ತದೆ. ಇಲ್ಲಿ ಯಜಮಾನ ಅಂದರೆ ರೂಟ್ ಬಳಕೆದಾರ. ನಮ್ಮ ನಿಮ್ಮ ಫೈಲ್‌ಗಳು ಪೂರ್ತಿ ತುಂಬಿದರೂ ಸಿಸ್ಟಂ ಉಸಿರಾಡಲಿ ಅಂತ. 109ರ 5% ಅಂದರೆ ಐದೂವರೆ. ಹಾಗಾಗಿ ನಮ್ಮ ಪಾಲಿಗೆ ಸೊನ್ನೆ. ಅಂದ ಹಾಗೆ 120 ಅಂತ ಪೆಟ್ಟಿಗೆ ಮೇಲೆ ಬರೆದದ್ದು 109 ಆದದ್ದು ಮೋಸ ಅಲ್ಲ. ಕಂಪನಿ 1000ದ ಲೆಕ್ಕದಲ್ಲಿ ಹೇಳುತ್ತದೆ, ಈ ಕಮಾಂಡ್ 1024ರ ಲೆಕ್ಕದಲ್ಲಿ.

ಎರಡನೆಯದರಲ್ಲಿ ತಪ್ಪು ನನ್ನದು. ನಕ್ಷತ್ರ ಚಿಹ್ನೆ ಅಂದರೆ 'ಇಲ್ಲಿರುವ ಎಲ್ಲವೂ' ಅಂತ. ಆದರೆ ಹೆಸರು ಚುಕ್ಕಿಯಿಂದ ಶುರುವಾಗುವ ಫೈಲು, ಫೋಲ್ಡರ್ ನಕ್ಷತ್ರದ ಕಣ್ಣಿಗೆ ಬೀಳುವುದಿಲ್ಲ. ಬರೀ 'ಎಲ್‌ಎಸ್'ಗೂ ಬೀಳುವುದಿಲ್ಲ. 'ಎಲ್‌ಎಸ್ -ಎ' ಹೊಡೆದರೆ ಕಾಣುತ್ತವೆ. ಅಟ್ಟದ ಮೇಲೆ ಹಾಕಿಟ್ಟ ಸಾಮಾನಿನ ಹಾಗೆ, ಮನೆಯಲ್ಲೇ ಉಂಟು, ಕೆಳಗೆ ನಿಂತರೆ ಕಾಣುವುದಿಲ್ಲ.

ಅಕ್ಕ, ಈಗ ಇದು ಹೊಡೆಯಿರಿ: 'ಡಿಯು -ಎಚ್ -ಡಿ 1 | ಸಾರ್ಟ್ -ಎಚ್'. ನಡುವಿನ ನಿಲುಗೆರೆ ಎಂಟರ್ ಕೀ ಮೇಲ್ಗಡೆ, ಶಿಫ್ಟ್ ಹಿಡಿದು ಒತ್ತಬೇಕು. ಅದಕ್ಕೆ ಪೈಪ್ ಅಂತ ಹೆಸರು. ಎಡಗಡೆಯ ಕಮಾಂಡಿನಿಂದ ಬಂದದ್ದನ್ನು ಬಲಗಡೆಯ ಕಮಾಂಡಿಗೆ ಹರಿಸುತ್ತದೆ. ಇಲ್ಲಿ ಒಂದು ಅಳೆಯುತ್ತದೆ, ಇನ್ನೊಂದು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತದೆ. ಕೊನೆಯ ಸಾಲು ಒಟ್ಟು ಮೊತ್ತ, ಅದರ ಮೇಲಿನದೇ ನಮ್ಮ ಕಳ್ಳ.

ಝೆರಾಕ್ಸ್ ಅಂಗಡಿ
ಚುಕ್ಕಿ ಲೋಕಲ್ ಅಂತ ಒಂದು ಉಂಟು, 68 ಜಿ! ನಾನು ಅಂಥದ್ದನ್ನು ಮಾಡಿಯೇ ಇಲ್ಲ.

ಉತ್ತರ – ಸಿಸ್ಟಂ ಅಡ್ಮಿನ್
ನೀವೇ ಮಾಡಿದ್ದು ಅಕ್ಕ, ಗೊತ್ತಿಲ್ಲದೆ. ಹೀಗೆ ಒಳಗೆ ಹೋಗಿ: 'ಸಿಡಿ .ಲೋಕಲ್/ಶೇರ್/ಟ್ರ್ಯಾಶ್/ಫೈಲ್ಸ್'. ಆಮೇಲೆ 'ಎಲ್‌ಎಸ್ -ಎಲ್‌ಎಚ್'.

ಝೆರಾಕ್ಸ್ ಅಂಗಡಿ
ಅಂಥ ಫೋಲ್ಡರೇ ಇಲ್ಲ ಅಂತ ಇಂಗ್ಲಿಷಿನಲ್ಲಿ ಬಯ್ಯುತ್ತದೆ.

ಉತ್ತರ – ಸಿಸ್ಟಂ ಅಡ್ಮಿನ್
ಎಲ್ಲ ಸಣ್ಣ ಅಕ್ಷರ ಅಂತ ನಾನೇ ಹೇಳಿ ಕೆಡಿಸಿದೆ. ಟ್ರ್ಯಾಶ್‌ನ ಮೊದಲ ಟಿ ಮಾತ್ರ ದೊಡ್ಡದು. ನಿಮ್ಮ ಉಬುಂಟು ಲಿನಕ್ಸಿನದೇ ಒಂದು ರೂಪ, ಲಿನಕ್ಸಿಗೆ ದೊಡ್ಡ ಟಿ ಬೇರೆ, ಸಣ್ಣ ಟಿ ಬೇರೆ. ಇಂಥ ಕಡೆ ಎರಡು ಅಕ್ಷರ ಹೊಡೆದು ಟ್ಯಾಬ್ ಕೀ ಒತ್ತಿ, ಉಳಿದದ್ದನ್ನು ಅದೇ ತುಂಬುತ್ತದೆ. ಟ್ಯಾಬ್ ಒತ್ತಿದರೂ ತುಂಬದಿದ್ದರೆ ಬರೆದದ್ದರಲ್ಲಿ ಏನೋ ತಪ್ಪಿರಬಹುದು, ಇಲ್ಲವೇ ಹಾಗೆ ಶುರುವಾಗುವ ಹೆಸರು ಒಂದಕ್ಕಿಂತ ಹೆಚ್ಚು ಇರಬಹುದು. ನಾನು ಇಷ್ಟು ವರ್ಷದ ಮೇಲೂ ಉದ್ದ ಹೆಸರನ್ನು ಪೂರ್ತಿ ಹೊಡೆಯುವುದೇ ಇಲ್ಲ.

ಝೆರಾಕ್ಸ್ ಅಂಗಡಿ
ಅಯ್ಯೋ ಮಾರಾಯ್ರೆ! ಎಲ್ಲ ಗಿರಾಕಿಗಳ ಸ್ಕ್ಯಾನ್. ಯುಗಾದಿ ಸಮಯದ್ದೂ ಉಂಟು. ಒಂದೊಂದೂ 90, 100 ಎಂ ಅಂತ ತೋರಿಸುತ್ತದೆ. ಇದೆಲ್ಲ ನಾನು ಡಿಲೀಟ್ ಮಾಡಿದ್ದು!

ಉತ್ತರ – ಸಿಸ್ಟಂ ಅಡ್ಮಿನ್
ಡಿಲೀಟ್ ಕೀ ಒತ್ತಿದರೆ ಫೈಲು ಅಳಿಯುವುದಿಲ್ಲ, ಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿ ಇರುವುದು ಇದೇ ಡಿಸ್ಕಿನಲ್ಲಿ. ನೀವು ದಿನಾ ಗುಡಿಸಿದ್ದೀರಿ, ಬುಟ್ಟಿ ಮಾತ್ರ ಚೆಲ್ಲಲಿಲ್ಲ. 'ಎಲ್‌ಎಸ್ | ಡಬ್ಲ್ಯುಸಿ -ಎಲ್' ಹೊಡೆದರೆ ಎಷ್ಟು ಫೈಲ್ ಅಂತ ಎಣಿಸಿ ಹೇಳುತ್ತದೆ.

ಒಂದೊಂದು ಪುಟ ಇಷ್ಟು ದೊಡ್ಡದಾದದ್ದಕ್ಕೂ ಕಾರಣ ಉಂಟು. ನಿಮ್ಮ ಸ್ಕ್ಯಾನರ್ 600 ಡಿಪಿಐ (ಇಂಚಿಗೆ 600 ಚುಕ್ಕಿ), ಬಣ್ಣ, ಕುಗ್ಗಿಸದೆ ಇಡುವ ಟಿಫ್ ಫೈಲ್ ಅಂತ ಸೆಟ್ ಆಗಿರಬೇಕು. ಎ4 ಹಾಳೆಯಲ್ಲಿ ಆಗ ಸುಮಾರು 4960 ಅಡ್ಡ, 7016 ಉದ್ದ ಚುಕ್ಕಿ, ಒಂದೊಂದಕ್ಕೆ 3 ಬೈಟ್. ಗುಣಿಸಿದರೆ 10 ಕೋಟಿ ಬೈಟ್ ದಾಟುತ್ತದೆ. 300 ಡಿಪಿಐ ಮಾಡಿದರೆ ನಾಲ್ಕನೇ ಒಂದು ಪಾಲು ಸಾಕು. ಜೆಪೆಗ್ ಮಾಡಿದರೆ ಇನ್ನೂ ಎಷ್ಟೋ ಕಡಿಮೆ. ಅರ್ಜಿಗೆ ಅಪ್‌ಲೋಡ್ ಮಾಡುವಾಗ ಹೇಗೂ ಕುಗ್ಗಿಸಲೇಬೇಕು ಅಲ್ವಾ?

ಇನ್ನು ಬುಟ್ಟಿ ಖಾಲಿ ಮಾಡಲು ಟರ್ಮಿನಲ್ ಬೇಡ. ಫೈಲ್ಸ್ ತೆರೆದು, ಟ್ರ್ಯಾಶ್ ಮೇಲೆ ಬಲ ಕ್ಲಿಕ್ ಮಾಡಿ, ಎಂಪ್ಟಿ ಕೊಡಿ. ಟರ್ಮಿನಲ್‌ನಿಂದಲೇ ಮಾಡಬೇಕು ಅಂತ ಹಟ ಇದ್ದರೆ 'ಜಿಐಒ ಟ್ರ್ಯಾಶ್ --ಎಂಪ್ಟಿ'. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಕಸ ತಾನಾಗಿ ಅಳಿಸುವ ಆಯ್ಕೆಯೂ ಉಂಟು, ಒಂದು ದಿನ ಅಂತ ಇಡಿ. ಜಾಗಕ್ಕಿಂತ ಜಾಸ್ತಿ ನನಗೆ ಚಿಂತೆ ಆದದ್ದು ಬೇರೆ. ಜನರ ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ತಿಂಗಳುಗಟ್ಟಲೆ ಅಲ್ಲೇ ಬಿದ್ದಿವೆ. ಕಂಪ್ಯೂಟರ್ ರಿಪೇರಿಗೆ ಕೊಟ್ಟಿದ್ದರೆ?

ಕಾಮೆಂಟ್ – ವಿದ್ಯಾರ್ಥಿ, ಸುರತ್ಕಲ್
ಅಣ್ಣ, ಇಷ್ಟೆಲ್ಲ ಯಾಕೆ? ಆ ಫೋಲ್ಡರಿನಲ್ಲಿ ನಿಂತು 'ಆರ್‌ಎಂ -ಆರ್‌ಎಫ್ *' ಕೊಟ್ಟರೆ ಒಂದೇ ಸಲಕ್ಕೆ ಕ್ಲೀನ್. ವಿಡಿಯೊದಲ್ಲಿ ನೋಡಿದ್ದೆ.

ಉತ್ತರ – ಸಿಸ್ಟಂ ಅಡ್ಮಿನ್
ಕ್ಲೀನ್ ಆಗುತ್ತದೆ ತಮ್ಮಾ, ಅದೇ ಸಮಸ್ಯೆ. 'ಆರ್‌ಎಂ'ಗೆ ಕಸದ ಬುಟ್ಟಿ ಇಲ್ಲ. ಅಳಿಸಿದ್ದು ವಾಪಸ್ ಬರುವುದಿಲ್ಲ. 'ಎಫ್' ಸೇರಿಸಿದರೆ ಕೇಳುವುದೂ ಇಲ್ಲ. ಆ ಫೋಲ್ಡರಿನಲ್ಲಿ ನಿಂತಿದ್ದೇನೆ ಅಂದುಕೊಂಡು ಹೋಮ್‌ನಲ್ಲಿ ನಿಂತಿದ್ದರೆ ಕಥೆ ಮುಗಿಯಿತು.

ನನ್ನದೇ ಕಥೆ ಕೇಳು. ಕೆಲಸಕ್ಕೆ ಸೇರಿದ ಹೊಸತು. ಒಂದು ಸರ್ವರಿನಲ್ಲಿ ಬಿಎಕೆ ಅಂತ ಕೊನೆಯಾಗುವ ಹಳೆಯ ಫೈಲ್‌ಗಳನ್ನು ಮಾತ್ರ ಅಳಿಸಬೇಕಿತ್ತು. 'ಆರ್‌ಎಂ *.ಬಿಎಕೆ' ಅಂತ ಹೊಡೆಯಬೇಕು. ನಾನು ಹೊಡೆದದ್ದು 'ಆರ್‌ಎಂ * .ಬಿಎಕೆ'. ನಕ್ಷತ್ರದ ಆಚೆ ಒಂದು ಸ್ಪೇಸ್ ಬಿತ್ತು. ಮೊದಲು ನಕ್ಷತ್ರ ಅಂದರೆ ಎಲ್ಲ ಫೈಲೂ, ಆಮೇಲೆ ಚುಕ್ಕಿ ಬಿಎಕೆ ಅಂತ ಒಂದು ಫೈಲು. ಎಲ್ಲ ಅಳಿಸಿ ಮುಗಿಸಿ, ಕೊನೆಗೆ 'ಚುಕ್ಕಿ ಬಿಎಕೆ ಎಂಬ ಫೈಲ್ ಇಲ್ಲ' ಅಂತ ವಿನಯದಿಂದ ಹೇಳಿತು. ಎಸಿ ರೂಮಿನಲ್ಲಿ ಬೆವರಿದೆ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಬದುಕಿದೆ. ಆದರೂ ಅವತ್ತು ಮಧ್ಯಾಹ್ನದ ಊಟ ಸೇರಲಿಲ್ಲ.

ಅಂದಿನಿಂದ ಒಂದು ಅಭ್ಯಾಸ. ಮೊದಲು ಅದನ್ನೇ 'ಎಲ್‌ಎಸ್ *.ಬಿಎಕೆ' ಅಂತ ಹೊಡೆದು ಯಾವುದು ಬರುತ್ತದೆ ನೋಡುತ್ತೇನೆ. ಸರಿ ಅನಿಸಿದರೆ ಮೇಲಿನ ಬಾಣದ ಕೀ ಒತ್ತಿ ಅದೇ ಸಾಲು ತಂದು, 'ಎಲ್‌ಎಸ್' ತೆಗೆದು 'ಆರ್‌ಎಂ -ಐ' ಹಾಕುತ್ತೇನೆ. 'ಐ' ಇದ್ದರೆ ಒಂದೊಂದಕ್ಕೂ ಕೇಳಿ ಅಳಿಸುತ್ತದೆ.

ಕಾಮೆಂಟ್ – ಕರಪತ್ರ ಡಿಸೈನ್, ಕೋಟ
ಫೈಲಿನ ಮಾತು ಬಂತಲ್ಲ, ಒಂದು ಸಂಶಯ. ಯಕ್ಷಗಾನದ ಕರಪತ್ರಗಳಿಗೆ ಪ್ರಸಂಗ, ಮೇಳ, ಊರು, ತಾರೀಕು ಎಲ್ಲ ಸೇರಿಸಿ ಕನ್ನಡದಲ್ಲೇ ಹೆಸರಿಡುತ್ತೇನೆ. ಕೆಲವು ಸಲ ಹೆಸರು ಉದ್ದ ಆಯಿತು ಅಂತ ಸೇವ್ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕಿಂತ ಉದ್ದ ಇಟ್ಟರೂ ಆಗುತ್ತದೆ. ಕನ್ನಡದ ಮೇಲೆ ಯಾಕೆ ಸಿಟ್ಟು?

ಉತ್ತರ – ಸಿಸ್ಟಂ ಅಡ್ಮಿನ್
ಸಿಟ್ಟಲ್ಲ, ತೂಕ. ಒಂದು ಹೆಸರಿಗೆ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರ ಒಂದಕ್ಕೆ 1 ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ 3. 'ಕ್ಷ' ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಕ, ಅರ್ಧಾಕ್ಷರದ ಗುರುತು, ಷ. ಅಲ್ಲಿಗೇ 9 ಬೈಟ್. 'ಯಕ್ಷಗಾನ' ಅಂತ ಬರೆದರೆ 21 ಹೋಯಿತು. ಮೇಳಕ್ಕೆ ಒಂದು ಫೋಲ್ಡರ್, ಅದರೊಳಗೆ ವರ್ಷಕ್ಕೆ ಒಂದು ಮಾಡಿ, ಹೆಸರು ಗಿಡ್ಡ ಆಗುತ್ತದೆ. ಫೋಲ್ಡರ್ ಮಾಡಲು 'ಎಂಕೆಡಿಐಆರ್', ಫೈಲನ್ನು ಅಲ್ಲಿಗೆ ಸಾಗಿಸಲು 'ಎಂವಿ'. ಹೆಸರಿನ ನಡುವೆ ಸ್ಪೇಸ್ ಇದ್ದರೆ ಉದ್ಧರಣ ಚಿಹ್ನೆಯ ಒಳಗೆ ಹಾಕಿ.

ಕಾಮೆಂಟ್ – ನಿವೃತ್ತ ಬ್ಯಾಂಕ್ ನೌಕರ, ಮಣ್ಣಗುಡ್ಡೆ
ಎಂವಿ, ಆರ್‌ಎಂ, ಡಿಯು. ಈ ಹೆಸರುಗಳೆಲ್ಲ ಯಾಕೆ ಹೀಗೆ ಬಾಲ ಕತ್ತರಿಸಿದ ಹಾಗೆ?

ಉತ್ತರ – ಸಿಸ್ಟಂ ಅಡ್ಮಿನ್
ಇವುಗಳ ಮೂಲ ಯುನಿಕ್ಸ್ ಸರ್. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಶುರು ಮಾಡಿದ್ದು. ಆಗ ಹೆಚ್ಚಿನ ಕಡೆ ಪರದೆ ಇರಲಿಲ್ಲ. ಟೆಲಿಟೈಪ್ ಯಂತ್ರದಲ್ಲಿ ಬೆರಳು ಗಟ್ಟಿಯಾಗಿ ಒತ್ತಬೇಕು, ಅದು ಸೆಕೆಂಡಿಗೆ 10 ಅಕ್ಷರದ ಹಾಗೆ ಕಾಗದದ ಮೇಲೆ ಕುಟ್ಟುತ್ತಿತ್ತು. ಅಂಥದ್ದರಲ್ಲಿ ಯಾರು ಉದ್ದ ಬರೆಯುತ್ತಾರೆ? 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ, ಅದರಲ್ಲೂ ಅದೇ ಹೆಸರುಗಳು ಉಳಿದವು. ಈಗಲೂ 'ಟಿಟಿವೈ' ಅಂತ ಒಂದು ಕಮಾಂಡ್ ಉಂಟು, ಆ ಟೆಲಿಟೈಪಿನ ನೆನಪು.

ಝೆರಾಕ್ಸ್ ಅಂಗಡಿ
ಬುಟ್ಟಿ ಚೆಲ್ಲಿದೆ! ಈಗ ಬಳಸಿದ್ದು 36 ಜಿ, 35%. ತಮ್ಮನ ಮಗ ಅಪ್‌ಡೇಟ್ ಕೂಡ ಮಾಡಿ ಅಂದ. 'ಸುಡೊ ಆಪ್ಟ್ ಅಪ್‌ಡೇಟ್' ಹೊಡೆದರೆ ಪಾಸ್‌ವರ್ಡ್ ಕೇಳುತ್ತದೆ, ಆದರೆ ಒತ್ತಿದ್ದು ಒಂದೂ ಬೀಳುವುದಿಲ್ಲ. ಕೀಬೋರ್ಡ್ ಹಾಳಾಯ್ತಾ?

ಉತ್ತರ – ಸಿಸ್ಟಂ ಅಡ್ಮಿನ್
ಹಾಳಾಗಿಲ್ಲ. ಬೇಕಂತಲೇ ತೋರಿಸುವುದಿಲ್ಲ, ಎಷ್ಟು ಅಕ್ಷರ ಅಂತಲೂ ಪಕ್ಕದವರಿಗೆ ಗೊತ್ತಾಗಬಾರದು ಅಂತ. ಕಣ್ಣು ಮುಚ್ಚಿ ಹೊಡೆದು ಎಂಟರ್ ಒತ್ತಿ. 'ಸುಡೊ' ಇದ್ದಲ್ಲೆಲ್ಲ ನೀವು ಯಜಮಾನನ ಅಧಿಕಾರದಲ್ಲಿ ಮಾತಾಡುತ್ತೀರಿ. ಗೊತ್ತಿಲ್ಲದ ಸಾಲು ಯಾರಾದರೂ ಕಳಿಸಿದರೆ, ಅದರಲ್ಲಿ ಸುಡೊ ಇದ್ದರೆ, ಕೇಳದೆ ಹೊಡೆಯಬೇಡಿ.

'ಅಪ್‌ಡೇಟ್' ಬರೀ ಪಟ್ಟಿ ತರುತ್ತದೆ. ನಿಜವಾಗಿ ಹಾಕುವುದು 'ಸುಡೊ ಆಪ್ಟ್ ಅಪ್‌ಗ್ರೇಡ್'. ಇದನ್ನು ಮಾತ್ರ ಈ ಮಳೆ, ಗುಡುಗಿನಲ್ಲಿ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ನಡುವೆ ಕರೆಂಟ್ ಹೋದರೆ ಅರ್ಧಂಬರ್ಧ ಆಗುತ್ತದೆ. ಹಾಗೇನಾದರೂ ಆದರೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ', ನಿಂತಲ್ಲಿಂದ ಮುಂದುವರಿಸುತ್ತದೆ. ಎಲ್ಲ ಮುಗಿದ ಮೇಲೆ 'ಸುಡೊ ಆಪ್ಟ್ ಕ್ಲೀನ್', ಡೌನ್‌ಲೋಡ್ ಮಾಡಿಟ್ಟ ಪ್ಯಾಕೇಜುಗಳನ್ನು ತೆಗೆಯುತ್ತದೆ.

ಝೆರಾಕ್ಸ್ ಅಂಗಡಿ
ಆಯ್ತು, ಮಳೆ ನಿಂತ ಮೇಲೆ ಮಾಡುತ್ತೇನೆ. ಸ್ಕ್ಯಾನರ್ 300ಕ್ಕೆ ಇಳಿಸಿದೆ. ಕೊನೆಗೆ ಒಂದು ಸಣ್ಣ ಪ್ರಶ್ನೆ, ನಗಬೇಡಿ. ಈ ಕಿಟಕಿಯಿಂದ ಹೊರಗೆ ಬರುವುದು ಹೇಗೆ? ಎರಡು ಗಂಟೆಯಿಂದ ಹಾಗೇ ಉಂಟು, ಮುಟ್ಟಲು ಹೆದರಿಕೆ.

ಉತ್ತರ – ಸಿಸ್ಟಂ ಅಡ್ಮಿನ್
'ಎಕ್ಸಿಟ್' ಅಂತ ಹೊಡೆಯಿರಿ ಅಕ್ಕ. ಇಲ್ಲವಾದರೆ ಮೂಲೆಯ ಇಂಟು ಗುರುತು ಒತ್ತಿದರೂ ಆಯಿತು.